ಹೆರಾಲ್ಡರು ಬರೆಯದ ಕೈಗಳು

ಹೆರಾಲ್ಡ್ ಮಿನೇಜಸ್ ಅವರಿಗೆ ಕೈ ಬರೆಯಲು ಬರುತ್ತಿರಲಿಲ್ಲ. ಇದನ್ನು ಅವರೇನೂ ಮುಚ್ಚಿಟ್ಟವರಲ್ಲ. ಎದೆಯ ಹರವು, ಉಬ್ಬಿದ ತೋಳು, ಗಾಳಿಗೆ ಹಾರುವ ನಿಲುವಂಗಿ, ಅಳಿವೆಬಾಗಿಲಲ್ಲಿ ವಾಲುವ ಹಡಗು, ಇಷ್ಟನ್ನೂ ಕಣ್ಣು ಮುಚ್ಚಿ ಬರೆಯಬಲ್ಲವರು ಐದು ಬೆರಳಿನ ಹತ್ತಿರ ಬಂದಾಗ ಸೋತು ಹೋಗುತ್ತಿದ್ದರು. ಬೆರಳುಗಳು ಬಾಳೆಗೊನೆಯ ಹಾಗೆ ಇಳಿಬೀಳುತ್ತಿದ್ದವು. ಎಂಬತ್ತರ ದಶಕದಲ್ಲಿ ಮಂಗಳೂರು ಬಂದರಿನ ಪಕ್ಕದ ಒಂದು ಸಣ್ಣ ಪ್ರೆಸ್ಸಿನವರು ತಿಂಗಳಿಗೊಂದು ಕಾಮಿಕ್ಸ್ ಮಾಡಿಕೊಡಿ ಎಂದಾಗ ಅವರು ಹುಟ್ಟಿಸಿದ ಮಹಾಶೂರನ ಹೆಸರು ‘ಉಕ್ಕಿನ ಉದಯ’. ಉದಯ ಉಕ್ಕಿನವನೇ ಯಾಕಾದ ಎಂದು ಓದುವ ಹುಡುಗರು ಏನೇನೋ ಊಹಿಸುತ್ತಿದ್ದರು. ನಿಜವಾದ ಕಾರಣ ಇಷ್ಟೇ: ಡಬ್ಬದಂಥ ಉಕ್ಕಿನ ಕೈಗವಸು ತೊಡಿಸಿಬಿಟ್ಟರೆ ಬೆರಳು ಬರೆಯುವ ಕಾಟವಿಲ್ಲ.

ಆದರೆ ಉದಯನೊಬ್ಬನಿಗೆ ಕೈಗವಸು ತೊಡಿಸಬಹುದು, ಊರಿಗೆಲ್ಲ ತೊಡಿಸಲಾಗುತ್ತದೆಯೆ? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದು ಪ್ರತಿ ತಿಂಗಳೂ ತಪ್ಪದೆ ಅಪಹರಣಕ್ಕೊಳಗಾಗುವ ನಾಯಕಿ ಪ್ರಣತಿ, ಅವಳನ್ನು ಅಪಹರಿಸುವ ಡಾಕ್ಟರ್ ಭಸ್ಮ, ಹಿಂದೆ ಬುಟ್ಟಿ ಹಿಡಿದು ಕೂತ ಮೀನಿನ ಹೆಂಗಸರು, ಬಸ್ಸಿಗೆ ಕಾಯುವ ಟೀಚರುಗಳು, ಇವರೆಲ್ಲರ ಕೈ ಬರೆದವರು ಹೆರಾಲ್ಡರ ಹೆಂಡತಿ ನೊರೀನ್. ಕಾನ್ವೆಂಟಿನಲ್ಲಿ ಕಸೂತಿ ಕಲಿತವರು, ಬೆರಳಿನ ಗುಟ್ಟು ಬಲ್ಲವರು. ಹೆರಾಲ್ಡರು ಪುಟ ಮುಗಿಸಿ, ಎಲ್ಲರ ತೋಳನ್ನೂ ಮಣಿಕಟ್ಟಿಗೇ ನಿಲ್ಲಿಸಿ ಮೇಜಿನ ಮೇಲೆ ಇಟ್ಟು ಹೋಗುವರು. ನೊರೀನ್ ಮಧ್ಯಾಹ್ನದ ಪಾತ್ರೆ ತೊಳೆದು, ಕೈ ಒರೆಸಿಕೊಂಡು ಬಂದು, ಬಾಕಿ ಕೈಗಳನ್ನು ಜೋಡಿಸುವರು. ಕೈಯಲ್ಲಿ ಏನಿರುತ್ತದೋ ಅದೂ ಅವರದೇ ಪಾಲು. ಹಗ್ಗ, ಚೀಲ, ಬೀಗದ ಕೈ, ಗಂಟು. ಮಕ್ಕಳ ಕಾಮಿಕ್ಸಿನಲ್ಲಿ ಕೈ ಯಾರು ನೋಡುತ್ತಾರೆ ಎಂದು ಹೆರಾಲ್ಡರು ಪ್ರೆಸ್ಸಿಗೆ ಒಯ್ಯುವ ಮುಂಚೆ ಉದಯನ ಮುಖ ಮಾತ್ರ ಪರೀಕ್ಷಿಸುತ್ತಿದ್ದರು.

“ಮಣಿಕಟ್ಟಿನವರೆಗೆ ಹೆರಾಲ್ಡ್, ಅಲ್ಲಿಂದಾಚೆ ನೊರೀನ್. ಸಂಸಾರ ಅಂದ್ರೆ ಹೀಗಿರಬೇಕು,” ಎಂದು ಬ್ರಿಸ್ಬೇನಿನ ಚರ್ಚಿನವರ ಬಾರ್ಬೆಕ್ಯೂಗಳಲ್ಲಿ ಈಗಲೂ ಅವರು ಹೇಳುವುದುಂಟು. ಎಲ್ಲರೂ ನಗುತ್ತಾರೆ. ಮುಖಪುಟದಲ್ಲಿ ಮಾತ್ರ ‘ಕಥೆ, ಚಿತ್ರ: ಹೆರಾಲ್ಡ್’ ಎಂದಷ್ಟೇ ಇರುತ್ತಿತ್ತು. ನಗೆಯಲ್ಲಿ ಪಾಲು ಕೊಟ್ಟಷ್ಟು ಸುಲಭವಾಗಿ ಮುಖಪುಟದಲ್ಲಿ ಪಾಲು ಕೊಡುವ ಗಂಡಸರನ್ನು ನಾನಂತೂ ಕಾಣೆ.

ಉದಯನ ಆಟ ಕೆಲವು ವರ್ಷ ನಡೆಯಿತು. ಆಮೇಲೆ ಮಸ್ಕತ್‌ನ ಕಟ್ಟಡ ಕಂಪನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಸಿಕ್ಕಿ ಹೆರಾಲ್ಡರು ಹೆಂಡತಿ, ಮಗ ಕ್ರೇಗ್‌ನನ್ನು ಕಟ್ಟಿಕೊಂಡು ಹೊರಟರು. ಅಲ್ಲಿ ಆಫೀಸಿನ ಗೆಳೆಯ ನಾಗೇಂದ್ರ ಒಂದು ದಿನ, “ಆಸ್ಟ್ರೇಲಿಯಾಕ್ಕೆ ಹಾಕು ಮಾರಾಯ, ಹುಡುಗನ ಓದಿಗೆ ಒಳ್ಳೆದು,” ಎಂದ. ಹೆರಾಲ್ಡರು ಆ ಸಂಜೆಯೇ ತೀರ್ಮಾನ ಮಾಡಿ ಮನೆಯಲ್ಲಿ ಘೋಷಿಸಿದರು. ಬ್ರಿಸ್ಬೇನಿನಲ್ಲಿ ಅಡುಗೆಮನೆ ಕಪಾಟು ಮಾಡುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತ ನಿವೃತ್ತರಾದರು. ನೊರೀನ್ ಅದೇ ಊರಿನ ಇಂಡೂರೂಪಿಲ್ಲಿ ಬಡಾವಣೆಯ ದೊಡ್ಡ ಶಾಪಿಂಗ್ ಸೆಂಟರಿನ ಒಳಗೆ, ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ, ಊರವರ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತ ಇನ್ನೂ ದುಡಿಯುತ್ತಿದ್ದಾರೆ. ಕ್ರೇಗ್ ಓದು ಮುಗಿಸಿ ಪರ್ತ್‌ಗೆ ಹೋದ. ಅಲ್ಲಿನ ಫ್ರೀಮ್ಯಾಂಟಲ್ ಬಂದರಿನಲ್ಲಿ ಕ್ರೇನುಗಳ ರಿಪೇರಿಯ ಎಂಜಿನಿಯರು.

ಈಚೆಗೆ ಆ ಕ್ರೇಗ್ ಫೋನಿನಲ್ಲಿ ಒಂದು ಮಾತು ತೆಗೆದ. “ಡ್ಯಾಡ್, ಬ್ರಿಸ್ಬೇನ್ ಮನೆ ಮಾರಿ ಇಲ್ಲಿಗೇ ಬಂದುಬಿಡಿ.” ಹೆರಾಲ್ಡರಿಗೆ ಮಾತು ಹಿಡಿಸಿತು. ಅಲ್ಲೇ ಹೂಂ ಅಂದರು. ಏಜೆಂಟ್ ಬಂದ, ಬೋರ್ಡು ನೆಟ್ಟ, ಕೊಳ್ಳುವವರೂ ಸಿಕ್ಕರು. ಸೋಮವಾರ ಸಹಿ. ನೊರೀನ್ ಬೇಕು ಅಂದವರಲ್ಲ, ಬೇಡ ಅಂದವರಲ್ಲ. ಅವರು ಸುಮ್ಮನಿದ್ದರೆ ಒಪ್ಪಿದ ಹಾಗೆ ಎಂಬುದು ಹೆರಾಲ್ಡರ ಮನೆಯ ಕಾನೂನು, ಮದುವೆಯಾದಾಗಿನಿಂದ ಜಾರಿಯಲ್ಲಿರುವುದು.

ಇಷ್ಟರ ನಡುವೆ ಅವರ ಬದುಕಿಗೆ ನಿಸರ್ಗ ಬಂದಳು. ತುಮಕೂರಿನ ಹುಡುಗಿ, ಬ್ರಿಸ್ಬೇನಿನದೇ ಸೇಂಟ್ ಲೂಸಿಯಾ ಬಡಾವಣೆಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ, ಹೊಟ್ಟೆಪಾಡಿಗೆ ಸೂಪರ್‌ಮಾರ್ಕೆಟಿನ ಬಿಲ್ಲಿಂಗ್ ಕೌಂಟರು. ಅವಳ ಬ್ಯಾಡ್ಜಿನ ಹೆಸರು ಓದಿ ಹೆರಾಲ್ಡರು ಕನ್ನಡದಲ್ಲಿ ಮಾತು ತೆಗೆದರು. ಕನ್ನಡದವರು ಯಾರು ಸಿಕ್ಕರೂ ಎರಡನೆಯ ಮಾತಿಗೇ ಉಕ್ಕಿನ ಉದಯ ಹಾರಿಬರುವುದು ಅವರ ರೂಢಿ. ಬೇರೆಯವರು ಹೌದಾ ಎಂದು ಸುಮ್ಮನಾಗುತ್ತಾರೆ. ಈ ಹುಡುಗಿ ಮಾತ್ರ ಕೈಯಲ್ಲಿದ್ದ ಮೊಟ್ಟೆಯ ಡಬ್ಬಿಯನ್ನು ಧೊಪ್ಪೆಂದು ಕೆಳಗಿಟ್ಟು, “ನೀವಾ ಅಂಕಲ್ ಅದು? ನೀವೇನಾ?” ಎಂದು ಕಿರುಚಿದಳು. ಹಿಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಇಂಥ ಗಳಿಗೆಗಾಗಿ ಆ ಮನುಷ್ಯ ಎಷ್ಟು ವರ್ಷ ಕಾದಿದ್ದರೋ.

ಅಡಿಲೇಡಿನಲ್ಲಿ ಭಾರತೀಯ ಭಾಷೆಗಳ ಹಳೆಯ ಕಾಮಿಕ್ಸುಗಳದೊಂದು ಪ್ರದರ್ಶನ ಏರ್ಪಡುತ್ತಿದೆ, ನಿಸರ್ಗಳ ಗೈಡ್ ಅದರ ಉಸ್ತುವಾರಿ, ಉಕ್ಕಿನ ಉದಯನಿಗೂ ಒಂದು ಗೋಡೆ ಇದೆ ಎಂದು ತಿಳಿದ ಮೇಲಂತೂ ಹೆರಾಲ್ಡರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಸ ಕೋಟು ಕೊಂಡರು. ಅಡಿಲೇಡಿನಲ್ಲಿ ಮಾಡುವ ಭಾಷಣವನ್ನು ಬಚ್ಚಲಲ್ಲಿ ಅಭ್ಯಾಸ ಮಾಡಿದರು. ನಿಸರ್ಗ ಮಾತಾಡಲು ಬರುತ್ತೇನೆ ಎಂದ ಶನಿವಾರ ಬೆಳಗ್ಗೆಯೇ ಗಡ್ಡ ಹೆರೆದು, ಸೋಫಾದ ಮೇಲೆ ಸಂದರ್ಶನಕ್ಕೆ ಕೂತ ಮಂತ್ರಿಯ ಹಾಗೆ ಕೂತರು. ನೊರೀನ್ ಅಂಗಡಿಗೆ ಹೋಗಿದ್ದರು.

ನಿಸರ್ಗ ಬಂದವಳು ಚೀಲದಿಂದ ಪ್ಲಾಸ್ಟಿಕ್ ಹೊದಿಸಿದ ಹಳೆಯ ಸಂಚಿಕೆಗಳನ್ನು ತೆಗೆದು ಟೀಪಾಯಿಯ ಮೇಲೆ ಹರಡಿದಳು. ಅವಳ ಅಮ್ಮ ಹುಡುಗಿಯಾಗಿದ್ದಾಗ ಕೂಡಿಟ್ಟವು. ಹೆರಾಲ್ಡರ ಕಣ್ಣು ತುಂಬಿ ಬಂತು.

“ಅಂಕಲ್, ಒಂದ್ ವಿಷ್ಯ ಕೇಳ್ತೀನಿ, ಬೇಜಾರ್ ಮಾಡ್ಕೋಬಾರ್ದು,” ಅಂದಳು. “ಈ ಕಾಮಿಕ್ಸಲ್ಲಿ ಫೆಮಿನಿಸ್ಟ್ ಮೆಸೇಜುಗಳನ್ನ ಬಚ್ಚಿಟ್ಟಿದೀರಲ್ಲ, ಅದು ನಿಮ್ಗೆ ಹೇಗೆ ಹೊಳೀತು?”

“ಎಂತ ಮೆಸೇಜು?”

“ಸ್ತ್ರೀವಾದಿ ಸಂದೇಶ, ಅಂಕಲ್.”

ಹೆರಾಲ್ಡರು ಗಹಗಹಿಸಿ ನಕ್ಕರು. “ಇದು ಚಿಕ್ಕ ಹುಡುಗರ ಕಾಮಿಕ್ಸ್ ಮಾರಾಯ್ತಿ. ಭಸ್ಮ ಹುಡುಗಿಯನ್ನು ಕಟ್ಟಿ ಹಾಕ್ತಾನೆ, ಉದಯ ಬಂದು ಬಿಡಿಸ್ತಾನೆ. ಇದರಲ್ಲಿ ಎಂತ ಸಂದೇಶ ಉಂಟು?”

“ಬಿಡಿಸ್ತಾನೆ ಅಂತ ನೀವಂದ್ಕೊಂಡಿದೀರಾ?” ಅಂದಳು ನಿಸರ್ಗ. ಅವಳ ದನಿಯಲ್ಲಿ ಈಗ ಅನುಮಾನ ಹೊಕ್ಕಿತ್ತು. “ಇಲ್ನೋಡಿ. ಉದಯ ಗೋಡೆ ಒಡ್ಕೊಂಡ್ ಬರ್ತಾನಲ್ಲ, ಅದರ ಹಿಂದಿನ ಚಿತ್ರ. ಮುಖ ನೋಡ್ಬೇಡಿ. ಕೈ ನೋಡಿ.”

ಹೆರಾಲ್ಡರು ಕನ್ನಡಕ ಏರಿಸಿ ಬಗ್ಗಿದರು. ಪ್ರಣತಿ ಕುರ್ಚಿಗೆ ಕಟ್ಟಿಸಿಕೊಂಡು ಕೂತಿದ್ದಾಳೆ. ಮುಖದಲ್ಲಿ ಹೆರಾಲ್ಡರೇ ಬರೆದ ಭಯ, ತೆರೆದ ಬಾಯಿ, ಮೇಲೇರಿದ ಹುಬ್ಬು. ಕುರ್ಚಿಯ ಹಿಂದೆ, ನೆರಳಿನಲ್ಲಿ, ಅವಳ ಬಲಗೈಯ ಮುಷ್ಟಿಯಲ್ಲಿ ಹಗ್ಗದ ತುದಿ. ಗಂಟು ಬಿಚ್ಚಿ ಆಗಿದೆ. ಹಗ್ಗ ಮೈಮೇಲೆ ಸುಮ್ಮನೆ ಬಿದ್ದುಕೊಂಡಿದೆ.

“ಏನೋ ಕೈತಪ್ಪು,” ಅಂದರು ಹೆರಾಲ್ಡರು.

ನಿಸರ್ಗ ಮುಂದಿನ ಸಂಚಿಕೆ ತೆರೆದಳು. ಅದರಲ್ಲಿ ಪ್ರಣತಿಯನ್ನು ಬಂದರಿನ ದೀಪಸ್ತಂಭದೊಳಗೆ ಕೂಡಿಹಾಕಿದ್ದಾರೆ. ಡಾಕ್ಟರ್ ಭಸ್ಮ ಅಟ್ಟಹಾಸ ಮಾಡುತ್ತಿದ್ದಾನೆ. ಅವನ ಸೊಂಟದಿಂದ ಬೀಗದ ಕೈ ಎರಡು ಬೆರಳಿನ ಸಂದಿಗೆ ಜಾರುತ್ತಿದೆ, ಬೆರಳು ಅವಳದ್ದು. ಇನ್ನೊಂದರಲ್ಲಿ ಉದಯನ ಉಕ್ಕಿನ ನೋಟಕ್ಕೆ ಹೆದರಿ ಭಸ್ಮನ ಕಾರು ನಿಂತುಹೋಗುವ ದೃಶ್ಯ. ಹೆರಾಲ್ಡರಿಗೆ ಬಹಳ ಮೆಚ್ಚಿನದು, ಬಾರ್ಬೆಕ್ಯೂಗಳಲ್ಲಿ ಅಭಿನಯಿಸಿ ತೋರಿಸುವಂಥದ್ದು. ಅದೇ ಚಿತ್ರದ ಮೂಲೆಯಲ್ಲಿ ಬುಟ್ಟಿ ಪಕ್ಕಕ್ಕಿಟ್ಟು ಕೂತ ಮೀನಿನ ಹೆಂಗಸು, ಹಿಂದೆಂದೂ ಅವರ ಕಣ್ಣಿಗೆ ಬೀಳದವಳು, ಕಾರಿನ ಚಕ್ರದ ಗಾಳಿ ಬಿಡುತ್ತಿದ್ದಳು.

ಹೆರಾಲ್ಡರು ಎದ್ದು ಹೋಗಿ ಭೂತಗನ್ನಡಿ ತಂದರು. ಬಸ್ ಸ್ಟಾಪಿನಲ್ಲಿ ಒಬ್ಬ ಟೀಚರು ಇನ್ನೊಬ್ಬಳ ಚೀಲಕ್ಕೆ ಸ್ಕ್ರೂಡ್ರೈವರ್ ದಾಟಿಸುತ್ತಿದ್ದಳು. ಆ ಚೀಲ ಎರಡು ಪುಟ ದಾಟಿ ಪ್ರಣತಿಯ ಮಡಿಲಲ್ಲಿತ್ತು. ಮದುವೆಮನೆಯ ದೃಶ್ಯದಲ್ಲಿ ಮದುಮಗಳು ತಲೆ ತಗ್ಗಿಸಿ ನಿಂತು, ಸೆರಗಿನ ಅಡಿಯಲ್ಲಿ ರೈಲು ಟಿಕೇಟು ಹಿಡಿದಿದ್ದಳು. ಹೆರಾಲ್ಡರು ಒಂದಾದ ಮೇಲೊಂದು ಸಂಚಿಕೆ ತಿರುವಿದರು. ನೋಡಿದ ಯಾವ ಸಂಚಿಕೆಯಲ್ಲೂ ಉದಯ ಯಾರನ್ನೂ ಬಿಡಿಸಿರಲಿಲ್ಲ. ಬಿಡಿಸಿಕೊಂಡು ಕೂತವರ ಮುಂದೆ ಗೋಡೆ ಒಡೆದು ಬಂದು, ಎದೆ ಸೆಟೆಸಿ ನಿಂತು, ಡೈಲಾಗು ಹೊಡೆದು ಹೋಗಿದ್ದ. ಅವನಷ್ಟು ದೊಡ್ಡ ಪೆದ್ದ ಕನ್ನಡದಲ್ಲಿ ಮತ್ತೊಬ್ಬ ಹುಟ್ಟಿರಲಿಕ್ಕಿಲ್ಲ, ಅವನನ್ನು ಹುಟ್ಟಿಸಿದವರೊಬ್ಬರನ್ನು ಬಿಟ್ಟು.

“ಇದು ಬೇರೆ ಯಾರಿಗೆ ಗೊತ್ತುಂಟು?” ಎಂದು ಕೇಳಿದರು. ದನಿ ಸಣ್ಣದಾಗಿತ್ತು.

“ನಮ್ಮಮ್ಮಂಗೆ ಗೊತ್ತಿತ್ತು. ಅವರ ಕ್ಲಾಸಿನ ಹುಡುಗೀರಿಗೆಲ್ಲ ಗೊತ್ತಿತ್ತಂತೆ. ಹೊಸಾ ಸಂಚಿಕೆ ಬಂದ ದಿನ ‘ಕೈ ನೋಡೋ ಆಟ’ ಅಂತ ಆಡ್ತಿದ್ರಂತೆ. ಈ ಸಲ ಪ್ರಣತಿ ಹೇಗೆ ತಪ್ಪಿಸ್ಕೊಂಡ್ಳು ಅಂತ ಯಾರು ಮೊದ್ಲು ಹುಡುಕ್ತಾರೋ ಅವರು ಗೆದ್ದಂಗೆ. ಹುಡುಗ್ರು ಟವೆಲ್ ಕಟ್ಕೊಂಡು ಬೆಂಚಿಂದ ಹಾರ್ತಿದ್ರಂತೆ, ಅವರಿಗೆ ಒಂದೂ ಗೊತ್ತಾಗ್ತಿರ್ಲಿಲ್ಲ.” ನಿಸರ್ಗ ಅವರ ಮುಖ ನೋಡಿದಳು. “ನೀವೇ ಬರ್ದಿದ್ದು ಅಂತ ಅಂದ್ಕೊಂಡಿದ್ದೆ ಅಂಕಲ್. ಒಬ್ಬ ಗಂಡ್ಸು, ಆ ಕಾಲದಲ್ಲಿ, ಎಷ್ಟು ಗ್ರೇಟ್ ಅಂತ ನನ್ನ ರಿಸರ್ಚ್ ಪೇಪರಲ್ಲೂ ಬರ್ದಿದೀನಿ.”

ಹೆರಾಲ್ಡರು ಹೂಂ ಅಂದುಬಿಡಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು, ಸುಳ್ಳು ಹೇಳುವುದು ಬೇಡ. ಆದರೆ ಅವರು ಭೂತಗನ್ನಡಿ ಕೆಳಗಿಟ್ಟರು.

“ಕೈ ನನಗೆ ಬರುವುದಿಲ್ಲ,” ಅಂದರು ಕೊನೆಗೆ. “ಅದೆಲ್ಲ ನಮ್ಮ ನೊರೀನ್.”

ಈಗ ಬೆಚ್ಚಿಬೀಳುವ ಸರದಿ ನಿಸರ್ಗಳದ್ದು. ಬಾಯಿಗೆ ಕೈ ಅಡ್ಡ ಹಿಡಿದು ಕೂತುಬಿಟ್ಟಳು. ಆಮೇಲೆ ಕೆಳಗಿನಿಂದ ಒಂದು ಸಂಚಿಕೆಯನ್ನು ನಿಧಾನವಾಗಿ ಎಳೆದಳು. “ಹಾಗಾದ್ರೆ ಇದನ್ನ ಆಂಟಿ ಹತ್ರನೇ ಕೇಳ್ಬೇಕು. ಇದು ಕೊನೇದು. ಇದೊಂದ್ರಲ್ಲಿ ಮಾತ್ರ ಹಾಗಿಲ್ಲ. ಅಮ್ಮ ಈ ಸಂಚಿಕೆ ನೋಡಿ ಅತ್ತಿದ್ರಂತೆ.”

ಕೊನೆಯ ಸಂಚಿಕೆಯಲ್ಲಿ ಪ್ರಣತಿಯನ್ನು ಹಡಗಿನ ಕಂಬಕ್ಕೆ ಕಟ್ಟಿದ್ದಾರೆ. ಹಡಗು ದಡ ಬಿಟ್ಟಿದೆ. ಹೆರಾಲ್ಡರು ಭೂತಗನ್ನಡಿ ಹಿಡಿದು ಗಂಟು ಹುಡುಕಿದರು. ಗಂಟು ಬಿಗಿಯಾಗಿತ್ತು. ಹಗ್ಗದ ಒಂದೊಂದು ಎಳೆಯನ್ನೂ ಬಿಡದೆ, ಸುತ್ತಿನ ಮೇಲೆ ಸುತ್ತು ಬಿಗಿದು ಬರೆದಿತ್ತು. ಕೈಗಳು ಸೋತು ಜೋತುಬಿದ್ದಿದ್ದವು. ದಡದ ಮೇಲಿನ ಮೀನಿನ ಹೆಂಗಸರ ಕೈಗಳೂ ಖಾಲಿ. ಪುಟ ತಿರುವಿದರೆ ಉದಯ ಹಾರಿಬಂದು ಹಗ್ಗ ಹರಿಯುತ್ತಾನೆ, ಹುಡುಗಿ ಅವನ ತೋಳಿಗೆ ಒರಗುತ್ತಾಳೆ. ಇಡೀ ಕಾಮಿಕ್ಸಿನಲ್ಲಿ ಅವನು ನಿಜವಾಗಿ ಬಿಡಿಸಿದ್ದು ಅದೊಂದೇ ಸಲ.

“ಆ ತಿಂಗಳು ಏನಾಗಿತ್ತು, ಅಂಕಲ್?”

ಏನಾಗಿತ್ತು ಎಂದು ಹೆರಾಲ್ಡರಿಗೆ ಗೊತ್ತಿತ್ತು. ಮಸ್ಕತ್‌ನ ವೀಸಾ ಬಂದಿತ್ತು. ಅದೇ ವಾರ ಬೆಂಗಳೂರಿನಿಂದ ಒಂದು ಮಹಿಳಾ ಮಾಸಿಕದ ಸಂಪಾದಕಿ ಪ್ರೆಸ್ಸಿಗೆ ಬಂದವರು ಮನೆಗೂ ಬಂದು, ಈ ಕೈಗಳನ್ನು ಬರೆದವರು ಯಾರು, ನಮಗೆ ತಿಂಗಳಿಗೆರಡು ಪುಟ ಅವರೇ ಒಂದು ಕಾಮಿಕ್ಸ್ ಬರೆದುಕೊಡಲಿ ಎಂದು ಕೇಳಿದ್ದರು. ನೊರೀನ್ ಬಾಗಿಲ ಬಳಿ ನಿಂತಿದ್ದರು. ಹೆರಾಲ್ಡರು ನಗುತ್ತ, “ಬರೀ ಕೈ ಬರೆಯುವವಳು ಎಂತ ಕಾಮಿಕ್ಸ್ ಮಾಡ್ಲಿಕ್ಕುಂಟು ಮೇಡಂ? ಮತ್ತೆ ನಾವು ಮಸ್ಕತ್‌ಗೆ ಹೊರಟಾಯ್ತು,” ಎಂದು ಚಹಾ ಕೊಟ್ಟು ಕಳಿಸಿದ್ದರು. ಅದು ತಮಾಷೆ ಎಂದೇ ಅವರ ನೆನಪಿನಲ್ಲಿ ಉಳಿದಿತ್ತು. ನೊರೀನ್ ನಕ್ಕಿದ್ದರೋ ಇಲ್ಲವೋ ಎಂದು ಈಗ ಎಷ್ಟು ತಡಕಿದರೂ ನೆನಪಾಗಲಿಲ್ಲ.

ನಿಸರ್ಗಳಿಗೆ ಡ್ಯೂಟಿಗೆ ಹೊತ್ತಾಗಿತ್ತು. ಸಂಚಿಕೆಗಳನ್ನು ಅಲ್ಲೇ ಬಿಟ್ಟು, ಆಂಟಿಯನ್ನು ನಾಳೆ ಬಂದು ನೋಡುತ್ತೇನೆ ಎಂದು ಹೊರಟಳು. ಹೆರಾಲ್ಡರು ಬಾಗಿಲವರೆಗೂ ಹೋಗಲಿಲ್ಲ. ತೋಟದಲ್ಲಿ, ಆ ಕಡೆಯ ಕಾಡುಕೋಳಿಯಾದ ಪೊದೆಕೋಳಿಯೊಂದು ನೊರೀನ್ ನೆಟ್ಟ ಹರಿವೆಯನ್ನು ಕೆದರಿ ಹಾಕುತ್ತಿತ್ತು, ಅದನ್ನು ಓಡಿಸಲೂ ಎದ್ದೇಳಲಿಲ್ಲ.  ಸೋಮವಾರ ಸಹಿ. ಪರ್ತ್. ಇನ್ನೊಂದು ಹಡಗು, ಅದೇ ಕಂಬ, ಅದೇ ಹಗ್ಗ. ಕಟ್ಟುತ್ತಿರುವವನು ಡಾಕ್ಟರ್ ಭಸ್ಮನಲ್ಲ, ನಾನೇ ಎಂದು ಅವರಿಗೆ ಹೊಳೆಯಿತು.

ಎಪ್ಪತ್ತು ದಾಟಿದ ಗಂಡಸಿಗೆ ತಪ್ಪು ಹೊಳೆದರೆ ಸುಮ್ಮನೆ ಕೂತು ಯೋಚಿಸುತ್ತಾನೆ ಎಂದುಕೊಂಡಿರಾ? ಹೆರಾಲ್ಡರು ಫೋನ್ ಎತ್ತಿಕೊಂಡರು. ಮೊದಲು ಏಜೆಂಟಿಗೆ ಮಾಡಿ ಮನೆ ಮಾರುವುದಿಲ್ಲ, ಎಲ್ಲ ಕ್ಯಾನ್ಸಲ್ ಎಂದರು. ಅವನು ಏನೋ ಗೊಣಗುತ್ತಿದ್ದಾಗಲೇ ಇಟ್ಟರು. ಆಮೇಲೆ ಕ್ರೇಗ್‌ಗೆ ಮಾಡಿದರು. “ನಾವು ಬರುವುದಿಲ್ಲ. ನಿನ್ನ ಮಮ್ಮಿಯನ್ನು ನಾನು ಇನ್ನೊಮ್ಮೆ ಹೊತ್ತುಕೊಂಡು ಹೋಗುವುದಿಲ್ಲ.” ಕ್ರೇಗ್, “ಡ್ಯಾಡ್, ಹ್ಯಾವ್ ಯೂ ಆಸ್ಕ್ಡ್ ಮಮ್?” ಎಂದ. ಅದಕ್ಕೆ ಹೆರಾಲ್ಡರು, “ಕೇಳುವುದೆಂತ? ನನಗೆ ಎಲ್ಲ ಅರ್ಥ ಆಗಿದೆ,” ಎಂದು ಫೋನ್ ಇಟ್ಟರು. ಎದೆ ಹಗುರಾಯಿತು. ಹೊಸ ಕೋಟು ಹಾಕಿಕೊಂಡು ಕೂತರು, ಯಾಕೆಂದು ಅವರಿಗೂ ತಿಳಿಯದು.

ನೊರೀನ್ ಬಂದಾಗ ಕೈಯಲ್ಲಿ ಬ್ರೆಡ್ಡಿನ ಚೀಲ ಇತ್ತು. ಹೆರಾಲ್ಡರು ಎದ್ದು ನಿಂತು, ಅಡಿಲೇಡಿಗಾಗಿ ಕಲಿತ ಗಂಭೀರ ದನಿಯಲ್ಲಿ, “ನೊರೀನ್, ಪರ್ತ್ ಕ್ಯಾನ್ಸಲ್. ನೀನಿನ್ನು ಎಲ್ಲಿಗೂ ಹೋಗಬೇಕಾಗಿಲ್ಲ. ನಿನ್ನ ಮನೆ ನಿನಗೇ ಇರ್ತದೆ,” ಎಂದರು. ಹೆಂಡತಿಯ ಕಣ್ಣಲ್ಲಿ ನೀರು ಬರುತ್ತದೆ ಎಂದು ಕಾದರು.

ನೊರೀನ್ ಚೀಲವನ್ನು ಟೀಪಾಯಿಯ ಮೇಲೆ ಇಡಹೋಗಿ, ಹರಡಿದ ಸಂಚಿಕೆಗಳನ್ನು ಕಂಡು ನಿಂತರು. ಅವುಗಳನ್ನೂ ಗಂಡನನ್ನೂ, ಮೇಲೆ ಹಾಕಿದ ಕೋಟನ್ನೂ ನೋಡಿದರು. ಮನೆಯ ಮಾತು ಕೊಂಕಣಿ. ಆದರೆ ಉದಯನ ಕಾಲದಲ್ಲಿ ಕೆಲಸದ ಮೇಜಿನ ಮುಂದೆ ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು, ಕಾಮಿಕ್ಸಿನ ಭಾಷೆ ತಪ್ಪಬಾರದೆಂದು. ನೊರೀನ್ ಈಗ ಕನ್ನಡಕ್ಕೆ ಹೊರಳಿದರು. 

“ನನಗೆ ಗೊತ್ತುಂಟು. ಕ್ರೇಗ್ ಫೋನ್ ಮಾಡಿದ, ನಾನು ಬಸ್ಸಿನಲ್ಲಿದ್ದೆ. ಏಜೆಂಟಿಗೆ ನಾನೇ ಮಾತಾಡಿದೆ. ಸೋಮವಾರ ಸಹಿ ಉಂಟು ಅಂತ ಹೇಳಿದ್ದೇನೆ.”

“ಎಂತ? ಯಾಕೆ?”

“ಯಾಕೆ ಅಂದ್ರೆ? ನನಗೆ ಪರ್ತ್‌ಗೆ ಹೋಗ್ಲಿಕ್ಕುಂಟು. ಅದನ್ನು ಕ್ಯಾನ್ಸಲ್ ಮಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು?”

ಹೆರಾಲ್ಡರು ಬೆಪ್ಪಾಗಿ ನಿಂತರು. “ಆದ್ರೆ ಪರ್ತ್ ನನ್ನ ತೀರ್ಮಾನ. ಕ್ರೇಗ್ ಹೇಳಿದ, ನಾನು...”

“ಕ್ರೇಗ್‌ಗೆ ಹೇಳಿದ್ದು ಯಾರು?”

 ನೊರೀನ್ ಕುರ್ಚಿ ಎಳೆದು ಕೂತರು. ಕಳೆದ ಸಲ ಮಗನ ಮನೆಗೆ ಹೋದಾಗ ಫ್ರೀಮ್ಯಾಂಟಲ್‌ನಲ್ಲಿ ಒಂದು ಹಳೆಯ ಗೋದಾಮಿನ ಮಹಡಿ ಕಂಡಿದ್ದರಂತೆ. ಚಿತ್ರ ಬರೆಯುವವರಿಗೆ ಅಲ್ಲಿ ಒಂದೊಂದು ಮೇಜು ಬಾಡಿಗೆಗೆ ಕೊಡುತ್ತಾರಂತೆ. ಕಿಟಕಿಯಿಂದ ಬಂದರು ಕಾಣುತ್ತದಂತೆ. ನೊರೀನ್ ಆಗಲೇ ಒಂದಕ್ಕೆ ಹೆಸರು ಕೊಟ್ಟು ಬಂದಿದ್ದರು.

“ನಾನು ಬಂದು ಹೀಗೆ ಹೀಗೆ ಅಂದಿದ್ರೆ ನೀವು ನಗ್ತಿದ್ರಿ. ಮಗ ಹೇಳಿದ್ರೆ ನಿಮ್ಮದೇ ಐಡಿಯಾ ಆಗ್ತದೆ. ಅದಕ್ಕೇ ಅವನ ಬಾಯಿಂದ ಹೇಳಿಸಿದ್ದು.”

“ಇದೊಂದು ಸಲ...” ಎಂದು ಹೆರಾಲ್ಡರು ತೊದಲಿದರು.

“ಒಂದು ಸಲ?” ನೊರೀನ್ ಅವರನ್ನೇ ನೋಡಿದರು. “ಮಸ್ಕತ್‌ನಿಂದ ಇಲ್ಲಿಗೆ ಬಂದದ್ದು ಯಾರ ಐಡಿಯಾ?”

“ನನ್ನದು. ನಾಗೇಂದ್ರ ಹೇಳಿದ...”

“ನಾಗೇಂದ್ರನಿಗೆ ಹೇಳಿದ್ದು ಅವನ ಹೆಂಡತಿ ಇಂದಿರಾ. ಇಂದಿರಾಗೆ ಹೇಳಿದ್ದು ನಾನು.”

ಹೆರಾಲ್ಡರು ಗೋಡೆ ಹಿಡಿದು ಕೂತರು. ಇಷ್ಟು ವರ್ಷ ತಾನೇ ನಡೆಸಿದ ಸಂಸಾರ, ತನ್ನದೇ ಧೈರ್ಯ, ತನ್ನದೇ ದೂರದೃಷ್ಟಿ ಎಂದು ಮಗನಿಗೆ, ಚರ್ಚಿನವರಿಗೆ, ಅಂಗಡಿಯ ಹುಡುಗಿಗೆ ಕೂಡ ಹೇಳಿಕೊಂಡು ಬಂದದ್ದೆಲ್ಲ ಕಣ್ಣೆದುರೇ ಬೇರೆಯವರ ಹೆಸರಿಗೆ ವರ್ಗವಾಗುತ್ತಿತ್ತು. ಈ ಮನೆ ಕೊಂಡದ್ದು? ಕ್ರೇಗ್ ಎಂಜಿನಿಯರಾದದ್ದು? ಕೇಳಲು ಭಯವಾಯಿತು.  ಕೊನೆಗೆ ಆ ಕೊನೆಯ ಸಂಚಿಕೆಯನ್ನು ಎತ್ತಿ, ಹಡಗಿನ ಕಂಬದ ಪುಟ ತೆರೆದು ಹೆಂಡತಿಯ ಮುಂದೆ ಹಿಡಿದು, ತುಮಕೂರಿನ ಹುಡುಗಿಯರ ಕೈ ನೋಡುವ ಆಟದ ಸಂಗತಿಯನ್ನೂ ಹೇಳಿದರು.

ನೊರೀನ್ ಪುಟವನ್ನು ನೋಡಿದರು. ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

“ಇದೊಂದು ನಿಜವಾದ ಗಂಟು,” ಅಂದರು. “ಆಗ ನನಗೆ ಬಿಚ್ಚಲಿಕ್ಕೆ ಗೊತ್ತಿರಲಿಲ್ಲ. ನೀವು ಆ ಮೇಡಂ ಮುಂದೆ ನಕ್ಕದ್ದು ನನಗೆ ಇನ್ನೂ ಕೇಳ್ತದೆ, ಹೆರಾಲ್ಡ್. ಮಸ್ಕತ್‌ಗೆ ಹೋದ ಮೇಲೆ ಒಂದು ವರ್ಷ ನಾನು ಪೆನ್ಸಿಲ್ ಮುಟ್ಟಲಿಲ್ಲ. ನಿಮಗೆ ಗೊತ್ತೇ ಆಗಲಿಲ್ಲ. ಆಮೇಲೆ ಕಲಿತೆ. ನಿಮ್ಮ ಹಿಂದಿನಿಂದ, ಅವರಿವರ ಬಾಯಿಂದ, ನನಗೆ ಬೇಕಾದ್ದನ್ನು ಮಾಡಿಸಿಕೊಳ್ಲಿಕ್ಕೆ ಕಲಿತೆ.”

“ನನಗೆ ನೇರ ಹೇಳಬಹುದಿತ್ತಲ್ಲ,” ಅಂದರು ಹೆರಾಲ್ಡರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು.

“ಪ್ರತಿ ತಿಂಗಳೂ ಬರೆದು ನಿಮ್ಮ ಕೈಗೇ ಕೊಡ್ತಾ ಇದ್ದೆ. ತುಮಕೂರಿನ ಹುಡುಗಿಯರು ಓದಿದರು.” ನೊರೀನ್ ಸಂಚಿಕೆ ಮುಚ್ಚಿದರು. ಸಿಟ್ಟು ಇಳಿದು ದನಿಯಲ್ಲಿ ಬರೀ ಆಯಾಸ ಉಳಿದಿತ್ತು. “ನನಗೂ ಸುಸ್ತಾಗಿದೆ. ಹಿಂದಿನಿಂದ ಮಾಡಿ ಮಾಡಿ ಸಾಕಾಯ್ತು. ಅದಕ್ಕೆ ಇವತ್ತು ಯಾರ ಬಾಯಿಂದಲೂ ಹೇಳಿಸುವುದಿಲ್ಲ, ನಾನೇ ಹೇಳ್ತೇನೆ. ನಾನು ಪರ್ತ್‌ಗೆ ಹೋಗ್ತೇನೆ. ಆ ಮೇಜಿನ ಮೇಲೆ ಪ್ರಣತಿಯನ್ನು ಪೂರ್ತಿ ಬರೆಯುತ್ತೇನೆ. ಮುಖವೂ ನನ್ನದೇ, ಕಥೆಯೂ ನನ್ನದೇ. ಅವಳಿಗೂ ಈಗ ಅರವತ್ತು ದಾಟಿರ್ತದೆ. ಅಡಿಲೇಡ್‌ಗೂ ನಾನೇ ಹೋಗಿ ಮಾತಾಡ್ತೇನೆ.”

ಹೆರಾಲ್ಡರು ಬಾಯಿ ತೆರೆದರು. ಸರಿ ಹಾಗಾದ್ರೆ, ಸೋಮವಾರ ಸಹಿ ಹಾಕಿ ನಾವು ಮುಂದಿನ ತಿಂಗಳೇ ಹೊರಡುವ ಎಂಬ ಮಾತು ಅಭ್ಯಾಸಬಲದಿಂದ ಗಂಟಲಿಗೆ ಬಂತು. 'ನಾವು' ಎಂಬಲ್ಲಿಗೆ ಬಂದು ಅವರು ತಡೆದುಕೊಂಡರು. ನೊರೀನ್ ಹೇಳಿದ್ದರಲ್ಲಿ ಎಲ್ಲಿಯೂ ನಾವು ಎಂದಿರಲಿಲ್ಲ. ಪರ್ತ್ ಇತ್ತು, ಮೇಜು ಇತ್ತು, ಪ್ರಣತಿ ಇದ್ದಳು, ಅಡಿಲೇಡ್ ಕೂಡ ಇತ್ತು. ಹೆರಾಲ್ಡ್ ಇರಲಿಲ್ಲ. ಅಂದಿನ ಆಘಾತಗಳಲ್ಲೆಲ್ಲ ಇದು ಕೊನೆಯದು, ಮತ್ತು ಇದು ನೇರ ಎದೆಗೇ ಬಂದು ನಾಟಿತು. ಈ ಹೆಂಗಸು ಇಲ್ಲದ ಒಂದು ಬೆಳಗನ್ನು ಕಲ್ಪಿಸಿಕೊಳ್ಳಲು ಅವರಿಂದ ಆಗಲಿಲ್ಲ.

ಕೋಟು ಬಿಚ್ಚಿ ಪಕ್ಕಕ್ಕಿಟ್ಟರು. ಗಂಟಲು ಸರಿಮಾಡಿಕೊಂಡರು. ಆದರೂ ದನಿ ಸಣ್ಣ ಹುಡುಗನ ದನಿಯ ಹಾಗೆ ಬಂತು.

“ನಾನೂ ಬಂದರೆ ನಿನಗೆ ಆಗ್ತದಾ, ನೊರೀನ್?”

ನೊರೀನ್ ಚಕಿತರಾಗಿ ತಲೆ ಎತ್ತಿದರು.   ನಗುತ್ತಾರೋ ಅಳುತ್ತಾರೋ ಹೆರಾಲ್ಡರಿಗೆ ತಿಳಿಯಲಿಲ್ಲ.

“ಗೊತ್ತಿಲ್ಲ,” ಅಂದರು. “ಮದುವೆ ಆದಾಗಿನಿಂದ ನೀವು ನನ್ನತ್ರ ಕೇಳಿದ್ದು ಇದೇ ಮೊದಲು. ಯೋಚನೆ ಮಾಡಿ ಹೇಳ್ತೇನೆ.”

ಬ್ರೆಡ್ಡಿನ ಚೀಲ ಎತ್ತಿಕೊಂಡು ಅವರು ಅಡುಗೆಮನೆಗೆ ಹೋದರು. ಹೆರಾಲ್ಡರು ಅಲ್ಲೇ ಕೂತು ಕಾದರು.